ಮೂರರ ಆಚೆ

ಅಂಗಡಿಯವನು ಗಿಟಾರಿಗೆ ವೈರು ಸಿಕ್ಕಿಸಿ, ಹೆಗಲಪಟ್ಟಿ ಸರಿಮಾಡಿ, ಅದನ್ನು ಎರಡೂ ಕೈಯಲ್ಲಿ ಎತ್ತಿ ಅಣ್ಣನ ಮುಂದೆ ಹಿಡಿದ.

"ನುಡಿಸಿ ನೋಡಿ ಸಾರ್. ಆಮೇಲೆ ಮಾತಾಡೋಣ."

ಅಣ್ಣ ನಕ್ಕ. ಕೈ ಚಾಚಲಿಲ್ಲ. ಆದರೆ 'ನನಗಲ್ಲ' ಎಂದು ಹೇಳುವ ಆತುರವನ್ನೂ ತೋರಿಸಲಿಲ್ಲ. ಗಿಟಾರು ಇಬ್ಬರ ನಡುವೆ ಸುಮ್ಮನೆ ತೂಗಾಡುತ್ತಿತ್ತು. ಕೊನೆಗೆ ತಂಗಿಯೇ ಮುಂದೆ ಬಂದು, ಮನೆಯಿಂದ ತಂದಿದ್ದ ತನ್ನ ಗಿಟಾರನ್ನು ಅಂಗಡಿಯವನ ಕೈಯಿಂದ ತೆಗೆದುಕೊಂಡಳು.

"ನುಡಿಸೋದು ನಾನು," ಎಂದಳು. "ಆಂಪು ಕೊಳ್ಳೋದೂ ನಾನೇ."

"ಓ, ಮೇಡಂಗಾ?" ಅಂಗಡಿಯವನ ಹುಬ್ಬು ಮೇಲೇರಿತು. "ಮೊದಲೇ ಹೇಳಬಾರದಾ? ನಿಮಗೆ ಬೇರೆ ಇದೆ, ಬನ್ನಿ. ಹಗುರ, ಒಂದೇ ಕೈಲಿ ಎತ್ತಬಹುದು. ಹೆಡ್‌ಫೋನ್ ಹಾಕ್ಕೊಂಡ್ರೆ ಮನೇಲಿ ಯಾರಿಗೂ ತೊಂದರೆ ಇಲ್ಲ."

ಮೊದಲೇ ಹೇಳಿದ್ದಳು. ಬಾಗಿಲು ದಾಟುತ್ತಲೇ ಹೇಳಿದ್ದಳು: ಟ್ಯೂಬಿನ ಕಾಂಬೊ ಆಂಪು ಬೇಕು, ಜೋರಾಗಿರಬೇಕು, ದನಿಯನ್ನು ಒರಟು ಮಾಡುವ ಓವರ್‌ಡ್ರೈವ್ ಚೆನ್ನಾಗಿರಬೇಕು. ಅಂಗಡಿಯವನು ಅದಷ್ಟನ್ನೂ ಅಣ್ಣನ ಮುಖ ನೋಡುತ್ತ ಕೇಳಿಸಿಕೊಂಡಿದ್ದ. ಅಣ್ಣನೋ, ಕೀಬೋರ್ಡ್ ಬಿಟ್ಟರೆ ಬೇರೊಂದು ವಾದ್ಯವನ್ನು ಮುಟ್ಟಿದವನಲ್ಲ.

"ತೊಂದರೆ ಆಗಲಿ ಅಂತಾನೇ ಬಂದಿರೋದು," ಎಂದಳು. "ಆ ಮೂಲೇಲಿರೋದನ್ನ ತೋರಿಸಿ."

ಮೂಲೆಯಲ್ಲಿದ್ದದ್ದು ಮೂವತ್ತು ವಾಟಿನ ಕಪ್ಪು ಪೆಟ್ಟಿಗೆ. ಗಿಟಾರಿನ ದನಿ ಹಿಗ್ಗಿಸುವ ಆಂಪು, ಸ್ಪೀಕರು ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಕಾಂಬೊ. ಹಿಂದುಗಡೆಯ ಕಬ್ಬಿಣದ ಜಾಲರಿಯೊಳಗೆ ಗಾಜಿನ ಟ್ಯೂಬುಗಳು ಸಾಲಾಗಿ ನಿಂತಿದ್ದವು. ಅಂಗಡಿಯವನು ಸ್ವಿಚ್ ಹಾಕಿ, ಟ್ಯೂಬು ಬಿಸಿಯಾಗುವವರೆಗೂ ಅದರ ತೂಕದ ಬಗ್ಗೆಯೇ ಮಾತಾಡಿದ. ಸಿಮೆಂಟು ಮೂಟೆ ಮೇಡಂ ಇದು, ಸೊಂಟ ಹಿಡ್ಕೊಳ್ಳುತ್ತೆ, ಗಂಡಸರೇ ಬೈಕೊಂಡು ಎತ್ತೋದು.

ಅವಳು ತಂತಿ ಮೀಟಿದಳು. ಪೆಟ್ಟಿಗೆ ಬಾಯಿಗೆ ಬಟ್ಟೆ ತುರುಕಿಸಿಕೊಂಡವರಂತೆ ಏನೋ ಗೊಣಗಿತು. ವಾಲ್ಯೂಮಿನ ಗುಬುಟು ತಿರುಗಿಸಲು ಹೋದರೆ ಅದು ಮೂರರ ಮೇಲೆ ಅಂಟಿಕೊಂಡಿತ್ತು. ಬಗ್ಗಿ ನೋಡಿದಳು. ಮೂರರಿಂದ ಮುಂದೆ ಹೋಗದ ಹಾಗೆ ಗುಬುಟಿಗೆ ಅಡ್ಡಲಾಗಿ ಕಪ್ಪು ಟೇಪು ಸುತ್ತಿತ್ತು. ಪಕ್ಕದ ಆಂಪಿಗೂ ಹಾಗೆಯೇ. ಅದರ ಪಕ್ಕದ್ದಕ್ಕೂ.

"ಇದೇನು?"

"ಅಂಗಡಿ ರೂಲ್ಸು. ಗೋಡೆ ಆಚೆ ಹಲ್ಲಿನ ಡಾಕ್ಟರು. ಅವರು ಅಲ್ಲಿ ಹಲ್ಲು ಕೀಳುವಾಗ ನಾವಿಲ್ಲಿ ಕಿರುಚಿಸಿದ್ರೆ ರೋಗಿ ಎದ್ದು ಓಡ್ತಾನೆ." ತನ್ನ ಮಾತಿಗೆ ತಾನೇ ನಕ್ಕ. ಅಣ್ಣನೂ ನಕ್ಕ.

"ಟ್ಯೂಬಿನ ದನಿ ಹರಿದು ಒರಟಾಗೋದೇ ಐದಾರು ದಾಟಿದ ಮೇಲೆ. ಮೂರರಲ್ಲಿ ಕೇಳಿ ಹೇಗೆ ಆರಿಸಲಿ? ನಿದ್ದೇಲಿ ಎಲ್ಲರ ಮನೆ ಮಕ್ಕಳೂ ಒಳ್ಳೆಯವರೇ."

"ನಂಬಿಕೆ ಮೇಲೆ ತಗೊಂಡು ಹೋಗ್ತಾರೆ ಮೇಡಂ ಎಲ್ಲರೂ."

"ಕಾರು ಕೊಳ್ಳೋಕೆ ಬಂದವರಿಗೆ ಬಾಗಿಲು ತೆಗೆದು ಮುಚ್ಚಿ ತೋರಿಸಿ ಕಳಿಸಿಬಿಡ್ತಾರಾ?"

ಅಂಗಡಿಯವನು ಮತ್ತೆ ಅಣ್ಣನ ಕಡೆ ನೋಡಿದ. ಹಟ ಮಾಡುವ ಕೂಸನ್ನು ಕರೆತಂದವರ ಮುಖ ನೋಡುವ ಹಾಗೆ. ಅವಳ ಮೈಯೆಲ್ಲ ಉರಿದುಹೋಯಿತು.

ಅವಳಿಗೆ ಆಂಪಿನ ಹುಚ್ಚು ಹಿಡಿದದ್ದು ಒಂದು ವಿಡಿಯೋದಿಂದ. ಅಣ್ಣನದು ಆರೇಳು ಜನರ ಬ್ಯಾಂಡು. ಕ್ಲಬ್ಬು, ಮದುವೆ ಪಾರ್ಟಿ, ಕಂಪನಿಗಳ ವಾರ್ಷಿಕೋತ್ಸವ, ಎಲ್ಲಿ ಕರೆದರೂ ಹೋಗುತ್ತಾರೆ. ಅಣ್ಣ ಅದರ ಯಜಮಾನ, ಗಿಟಾರಿಗೆ ತಂಗಿ. ಅವಳು ಹಗಲು ಔಷಧದಂಗಡಿಯಲ್ಲಿ ಬಿಲ್ಲು ಹಾಕಿ, ಸಂಜೆ ಬ್ಯಾಂಡಿನ ಜೊತೆ ನಿಲ್ಲುವುದು ವರ್ಷಗಳಿಂದ ನಡೆದುಬಂದಿದೆ. ಕಳೆದ ಕಾರ್ಯಕ್ರಮದಲ್ಲಿ ಯಾರೋ ಹಿಂದಿನ ಸಾಲಿನಿಂದ ತೆಗೆದ ವಿಡಿಯೋ ಅವಳ ಕೈಗೆ ಬಂದಿತ್ತು. ಅದರಲ್ಲಿ ಅವಳದೇ ಒಂಟಿ ನುಡಿಸಾಣಿಕೆ. ತಂತಿಯನ್ನು ಬೆರಳಲ್ಲಿ ಮೇಲಕ್ಕೆ ಜಗ್ಗಿ, ಅಲ್ಲೇ ಹಿಡಿದು ನಡುಗಿಸುತ್ತಾಳೆ. ಕಣ್ಣು ಮುಚ್ಚಿದೆ, ಹಲ್ಲು ಕಚ್ಚಿದೆ. ಕೇಳಿಸುವ ಸ್ವರ ಮಾತ್ರ ಸ್ಕೇಲಿಟ್ಟು ಗೆರೆ ಎಳೆದಷ್ಟು ನೆಟ್ಟಗೆ. ಜಗ್ಗಿದ್ದೂ ಇಲ್ಲ, ನಡುಗಿದ್ದೂ ಇಲ್ಲ.

ಅದನ್ನು ಎಷ್ಟು ಸಲ ನೋಡಿದ್ದಳೋ ಲೆಕ್ಕವಿಲ್ಲ. ತನ್ನ ಐದು ವಾಟಿನ ಪುಟ್ಟ ಆಂಪಿನ ಮೇಲೆಯೇ ತಪ್ಪು ಹೊರಿಸಿದಳು. ಪಾಪ, ಡ್ರಮ್ಮಿನವನ ಒಂದು ಏಟಿಗೆ ಅದು ಎಲ್ಲಿ ತಡೆದೀತು? ತಾನು ಮೈ ಬಿಟ್ಟು ಹಿಂಡಿದ್ದೆಲ್ಲ ವೇದಿಕೆಯ ಮೇಲೆಯೇ ಸತ್ತುಹೋಗುತ್ತಿದೆ ಎಂದುಕೊಂಡಳು. ಅವತ್ತೇ ನಿಶ್ಚಯವಾಯಿತು. ಜೋರಾಗಿ ಮೀಟಿದರೆ ಗದರಬೇಕು, ಮೆಲ್ಲಗೆ ಮೀಟಿದರೆ ಸುಮ್ಮನಾಗಬೇಕು, ಕೊನೆಯ ಸಾಲಿನವನಿಗೂ ತನ್ನ ಬೆರಳು ಕೇಳಿಸಬೇಕು. ಅಂಥದ್ದೊಂದು ಬೇಕು.

"ಪುಟ್ಟೀ, ನನ್ನ ಮಾತು ಕೇಳು," ಅಣ್ಣ ಹತ್ತಿರ ಬಂದ. "ಇದನ್ನ ವ್ಯಾನಿಗೆ ಹಾಕಿದ್ರೆ ಡ್ರಮ್ಮು ತಲೆ ಮೇಲೆ ಹೊರಬೇಕಾಗುತ್ತೆ. ಚಿಕ್ಕದೇ ಸಾಕು. ಮುಂದೆ ಮೈಕು ಇಟ್ಟಿರ್ತೀವಲ್ಲ? ಆಂಪು ಇರುವೆಯಷ್ಟಿದ್ರೂ ಮೈಕು ಅದನ್ನ ಆನೆ ಮಾಡುತ್ತೆ."

"ಮಾಡಿದ್ದರೆ ವಿಡಿಯೋದಲ್ಲಿ ಕೇಳಿಸಬೇಕಿತ್ತು."

"ಫೋನಲ್ಲಿ ತೆಗೆದಿದ್ದು ಅದು. ಫೋನಿಗೆ ಏನು ತಿಳಿಯುತ್ತೆ, ಮಣ್ಣು!"

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಮಿಕ್ಸರ್ ಬಂದ. ಬ್ಯಾಂಡಿನ ಸೌಂಡ್ ನೋಡಿಕೊಳ್ಳುವವನು. ಸಭಾಂಗಣದ ಹಿಂದೆ, ಎಲ್ಲ ಮೈಕುಗಳ ದನಿ ಬೆರೆಸುವ ಮಿಕ್ಸರ್ ಯಂತ್ರದ ಮುಂದೆ ಕೂತೂ ಕೂತೂ ಅವನ ಹೆಸರೇ ಮಿಕ್ಸರ್ ಆಗಿತ್ತು. ಅವತ್ತು ಸಂಜೆಯ ಕಾರ್ಯಕ್ರಮಕ್ಕೆ ಬೇಕಾದ ಕೇಬಲ್ ಇಲ್ಲಿ ರಿಪೇರಿಗೆ ಕೊಟ್ಟಿದ್ದ.

"ಓಹೋ, ಅಣ್ಣ-ತಂಗಿ ಸವಾರಿ ಇಲ್ಲಿದೆ!" ಎಂದ. "ಏನು, ತಂಗಿಗೆ ಹೊಸ ಆಂಪಾ? ಯಾಕಪ್ಪಾ ಸುಮ್ಮನೆ ದಂಡ?"

"ದಂಡ ಯಾಕೆ?" ಅವಳು ತಿರುಗಿದಳು.

"ಅಲ್ಲ, ಅದು... ಹೇಗೂ..." ಮಿಕ್ಸರ್ ಅಣ್ಣನ ಮುಖ ನೋಡಿದ. ಅಣ್ಣ ಗೋಡೆಗೆ ತೂಗುಹಾಕಿದ್ದ ಪಿಟೀಲನ್ನು ಹಿಂದೆಂದೂ ಕಂಡಿರದವನಂತೆ ನೋಡುತ್ತಿದ್ದ.

"ಹೇಗೂ ಏನು? ನನ್ನ ಆಂಪಿನ ಮುಂದೆ ಮೈಕು ಇಡ್ತೀಯಲ್ಲ, ಅದನ್ನ ಎಷ್ಟಕ್ಕೆ ಏರಿಸಿರ್ತೀಯ ನೀನು?"

"ಆ ಮೈಕಾ?" ಮಿಕ್ಸರ್ ಕತ್ತು ಕೆರೆದುಕೊಂಡ. "ನಿನಗೆ ಗೊತ್ತಿದೆ ಅಂದ್ಕೊಂಡಿದ್ದೆ ತಾಯಿ. ಅದರ ವೈರು ಎಲ್ಲಿಗೂ ಹೋಗಲ್ಲ. ಸ್ಟೇಜಿನ ಕೆಳಗೆ ಸುತ್ತಿ ಇಟ್ಟಿರ್ತೀವಿ."



ಅವಳಿಗೆ ಮೊದಲು ನೆನಪಾದದ್ದು ಅಣ್ಣನ ಕೀಬೋರ್ಡಿನ ಬಲಗಡೆಯ ಒಂದು ಗುಂಡಿ. ಪುಟ್ಟ ಗಿಟಾರಿನ ಚಿತ್ರವಿರುವ, ಒತ್ತಿದರೆ ಕೀಬೋರ್ಡೇ ಗಿಟಾರಿನ ದನಿ ಕೊಡುವ ಗುಂಡಿ. ಮೇಲಿನ ಬಣ್ಣ ಸವೆದು ಬಿಳಿಚಿಕೊಂಡಿತ್ತು. ಅಷ್ಟು ಯಾಕೆ ಸವೆದಿದೆ ಎಂದು ಒಂದು ದಿನವೂ ಕೇಳಿರಲಿಲ್ಲ.

"ನೀನು ನುಡಿಸ್ತಿದ್ದೆ," ಎಂದಳು.

"ಪುಟ್ಟೀ, ಇಲ್ಲಿ ಬೇಡ. ವ್ಯಾನಲ್ಲಿ ಮಾತಾಡೋಣ."

"ನನ್ನದನ್ನ ನೀನು ನುಡಿಸ್ತಿದ್ದೆ. ನಾನು ಮುಂದೆ ನಿಂತು ಕೈ ಆಡಿಸ್ತಿದ್ದೆ. ಜನ ಚಪ್ಪಾಳೆ ತಟ್ಟಿದಾಗ ನಾನು ಬಗ್ಗಿ ನಮಸ್ಕಾರ ಮಾಡ್ತಿದ್ದೆ. ಹಿಂದೆ ನೀವಿಬ್ಬರೂ ನಗ್ತಿದ್ರಾ?"

"ದೇವರಾಣೆ ನಕ್ಕಿಲ್ಲ," ಎಂದ ಮಿಕ್ಸರ್. ಕೇಬಲ್ಲಿನ ಸುರುಳಿಯನ್ನು ಎದೆಗವಚಿಕೊಂಡು ಬಾಗಿಲ ಕಡೆ ಒಂದು ಹೆಜ್ಜೆ ಸರಿದ.

"ನೋಡು," ಎಂದ ಅಣ್ಣ, "ಆ ಕ್ಲಬ್ಬಿನಲ್ಲಿ ನೀನು ಅರ್ಧಕ್ಕೆ ತಪ್ಪಿದೆ, ನೆನಪಿದೆಯಾ? ಇಡೀ ಸಭೆ ತಿರುಗಿ ನೋಡ್ತು. ನನ್ನ ಮಾನ ಹೋಗೋದರಲ್ಲಿತ್ತು. ಆಮೇಲೆ, ಎರಡು ಕಾರ್ಯಕ್ರಮ ಹೋಗಲಿ, ಇವಳು ಸುಧಾರಿಸಲಿ ಅಂತ..."

"ಅದು ನಾನು ಹೊಸದಾಗಿ ಸೇರಿದಾಗ! ಆಮೇಲೆ?"

"ಆಮೇಲೆ ಅದೇ ಹೊಂದಿಕೆಯಾಯ್ತು. ಸೌಂಡು ಕ್ಲೀನಾಗಿ ಬರ್ತಿತ್ತು, ಯಾರೂ ದೂರು ಹೇಳಲಿಲ್ಲ. ನಿನಗೆ ಬರಬೇಕಾದ್ದು ಬರ್ತಿತ್ತಲ್ಲ? ಒಂದು ಸಲವಾದರೂ ನಿನ್ನ ಪಾಲು ತಪ್ಪಿಸಿದ್ದೀನಾ? ಜನ ಬರೋದು ಹುಡುಗಿ ಗಿಟಾರ್ ಹಿಡಿದು ನಿಲ್ಲೋದನ್ನ ನೋಡೋಕೆ. ಯಾವ ಸ್ವರ ಎಲ್ಲಿಂದ ಬಂತು ಅಂತ ಯಾವನು ಕೇಳ್ತಾನೆ?"

"ನಾನು ಕೇಳ್ತೀನಿ!"

ಕೂಗಿದ್ದು ತಾನೇ ಎಂದು ತಿಳಿಯಲು ಅವಳಿಗೇ ಒಂದು ಕ್ಷಣ ಹಿಡಿಯಿತು. ಮನೆಯ ಮಹಡಿಯ ಕೋಣೆಯಲ್ಲಿ ಕಿಟಕಿ ಮುಚ್ಚಿ, ಬೆರಳ ತುದಿ ಒಡೆದು ರಕ್ತ ಜಿನುಗಿದರೂ ಬಿಡದೆ ಒಂದೇ ಜಾಗವನ್ನು ತಿದ್ದಿದ್ದಳು. ಅಮ್ಮ ಕೆಳಗಿನಿಂದ ಊಟಕ್ಕೆ ಕರೆದು ಕರೆದು ಸಾಕಾಗಿ ತಟ್ಟೆ ಮುಚ್ಚಿಟ್ಟು ಮಲಗುತ್ತಿದ್ದಳು. ಅಷ್ಟನ್ನೂ ಗೊತ್ತಿದ್ದವನು ಇವನು. 'ಭೇಷ್, ಈ ಸಲ ಚೆನ್ನಾಗಿ ಬಂತು' ಎಂದು ಕಾರ್ಯಕ್ರಮ ಮುಗಿದ ಮೇಲೆ ಬೆನ್ನು ತಟ್ಟುತ್ತಿದ್ದವನೂ ಇವನೇ. ಯಾವುದು ಚೆನ್ನಾಗಿ ಬಂದದ್ದು? ಯಾರ ಬೆನ್ನನ್ನು ಇವನು ತಟ್ಟಿಕೊಳ್ಳುತ್ತಿದ್ದ? ಹೊಲದಲ್ಲಿ ನಿಲ್ಲಿಸಿದ ಬೆದರುಬೊಂಬೆಗಾದರೂ ತಾನು ಬೊಂಬೆ ಎಂಬುದು ಗೊತ್ತಿರುತ್ತದೆ.

ಅವಳು ಬಗ್ಗಿ, ಗುಬುಟಿನ ಟೇಪಿನ ತುದಿಯನ್ನು ಉಗುರಲ್ಲಿ ಕೆರೆದು ಕಿತ್ತಳು.

"ಮೇಡಂ, ಮೇಡಂ! ಹಲ್ಲಿನ ಡಾಕ್ಟರು..."

ಗುಬುಟನ್ನು ಏಳಕ್ಕೆ ತಿರುಗಿಸಿ ಮೀಟಿದಳು.

ಪೆಟ್ಟಿಗೆ ಗದರಿತು. ಕಪಾಟಿನ ಗಾಜು ನಡುಗಿತು, ಗೋಡೆಯ ಮೇಲಿನ ಗಿಟಾರುಗಳೆಲ್ಲ ಯಾರೂ ಮುಟ್ಟದೆ ತಾವಾಗಿ ಗುನುಗತೊಡಗಿದವು. ವಿಡಿಯೋದಲ್ಲಿದ್ದ ಅದೇ ತುಣುಕು. ತಂತಿಯನ್ನು ಜಗ್ಗಿದಳು, ಸ್ವರ ಹತ್ತಿತು, ಹತ್ತುವಾಗ ಅದರ ಅಂಚು ಹರಿದು ಒರಟಾಯಿತು, ಗಂಟಲು ಬಿರಿಯುವ ಹಾಗೆ ಕೂಗುವವರ ದನಿಯಂತೆ. ಮೇಲೆ ಹಿಡಿದು ನಡುಗಿಸಿದಳು. ನಡುಗಿತು. ಬೆರಳು ಸಡಿಲಿಸಿದರೆ ಇಳಿಯಿತು. ಒಂದು ಕಡೆ ತಪ್ಪಿದಳು. ಆ ತಪ್ಪು ಕೂಡ ಅಂಗಡಿಯ ತುಂಬ ನಿಚ್ಚಳವಾಗಿ ಕೇಳಿಸಿತು. ನಿಲ್ಲಿಸಲಿಲ್ಲ.

ಬಾಗಿಲಲ್ಲಿ ಹಸಿರು ಮುಖಗವಸಿನ ಹೆಂಗಸೊಬ್ಬಳು ಕಾಣಿಸಿಕೊಂಡು ಎರಡೂ ಕೈ ಬೀಸಿದಳು. ಅವಳ ಹಿಂದೆ, ಕೆನ್ನೆಯೊಳಗೆ ಹತ್ತಿ ತುಂಬಿಕೊಂಡ ಒಬ್ಬ ಮುದುಕ ಇಣುಕಿದ.

ಕೊನೆಯ ಸ್ವರ ತಾನಾಗಿ ಕರಗುವವರೆಗೂ ಅವಳು ಕೈ ಎತ್ತಲಿಲ್ಲ. ಅಣ್ಣನನ್ನೇ ನೋಡುತ್ತ ನಿಂತಳು. ಅವನಿಗೂ ಕಿವಿ ಇದೆ, ಸಂಗೀತ ಬಲ್ಲವನು. ಏನಾದರೂ ಒಂದು ಮಾತು ಅಂದಾನು ಎಂದು ಕಾದಳು.

"ಸ್ಪೀಕರು ಹರಿದಿದೆ," ಎಂದ ಅಣ್ಣ ಅಂಗಡಿಯವನಿಗೆ. "ಕೇಳಿದ್ರಲ್ಲ, ಒಡೆದ ದನಿ."

"ಅಯ್ಯೋ ಇಲ್ಲ ಸಾರ್, ಟ್ಯೂಬು ಅಂದ್ರೆ ಅದು ಹಾಗೇ..." ಅಂಗಡಿಯವನು ಹೇಳುತ್ತ ಹೇಳುತ್ತ ನಿಲ್ಲಿಸಿ, ಅಣ್ಣನನ್ನು ಬಿಟ್ಟು ಅವಳ ಕಡೆ ತಿರುಗಿದ. "ಪ್ಯಾಕ್ ಮಾಡಲಾ ಮೇಡಂ?"

"ಮಾಡಿ."

"ಅದನ್ನ ತಗೊಂಡರೆ ನನ್ನ ವ್ಯಾನಲ್ಲಿ ಜಾಗ ಇಲ್ಲ," ಅಣ್ಣ ಹೇಳಿದ. "ಸ್ಟೇಜಿನ ಮೇಲೂ ಇಲ್ಲ. ಈಗಲೇ ಹೇಳಿಬಿಟ್ಟಿದ್ದೀನಿ."

"ಸರಿ."

"ಸರಿ ಅಂದ್ರೆ?"

"ಸರಿ ಅಂದ್ರೆ ಸರಿ. ಕಿವಿಗೂ ವೈರು ಹಾಕಿಲ್ವಾ?"

ಅಣ್ಣನ ಮುಖ ಕೆಂಪಾಯಿತು. ಬೀಗದಕೈ ಗೊಂಚಲನ್ನು ಗಿಲಕಿಯಂತೆ ಆಡಿಸುತ್ತ ಹೊರಗೆ ಹೋದ. ಮಿಕ್ಸರ್ ಒಂದು ಗಳಿಗೆ ಅಲ್ಲೇ ನಿಂತ. ಅಷ್ಟರಲ್ಲಿ ವ್ಯಾನಿನ ಹಾರನ್ ಕೇಳಿ, ಕೇಬಲ್ ಹೊತ್ತುಕೊಂಡು ಓಡಿದ. ಅವನ ಅನ್ನ ಅಲ್ಲಿತ್ತು.

ಆಂಪನ್ನು ಬಸ್ ನಿಲ್ದಾಣದವರೆಗೆ ಅಂಗಡಿಯವನೂ ಅವಳೂ ಎರಡು ಕಡೆ ಹಿಡಿದು ಸಾಗಿಸಿದರು. ಸೊಂಟದ ವಿಷಯದಲ್ಲಿ ಅವನು ಸುಳ್ಳು ಹೇಳಿರಲಿಲ್ಲ. ಅವನು ಏದುಸಿರು ಬಿಡುತ್ತ ಹಿಂತಿರುಗಿದ ಮೇಲೆ ಅವಳು ಪೆಟ್ಟಿಗೆಯ ಮೇಲೆಯೇ ಕೂತಳು. ಫೋನು ಹೊಡೆದುಕೊಂಡಿತು.

"ಎಲ್ಲಿ ಸತ್ತಿದ್ದೀಯ?" ಅಣ್ಣನ ದನಿ ಈಗ ಅರ್ಧ ಇಳಿದಿತ್ತು. "ಸಭಾಂಗಣದವರು ಕೇಳ್ತಿದ್ದಾರೆ. ಹೊರಗೆ ಹಾಕಿರೋ ಬ್ಯಾನರ್ ಮೇಲೆ ನಿನ್ನದೇ ಫೋಟೋ. ರಂಪ ಮಾಡಬೇಡ ಪುಟ್ಟೀ, ಆಟೋ ಹಿಡಿದು ಬಾ. ಗಿಟಾರ್ ತಗೊಂಡು ಬಂದರೆ ಸಾಕು."

"ಮೈಕಿಗೆ ವೈರು ಹಾಕಿಸ್ತೀಯಾ?"

ಆ ಕಡೆಯಿಂದ ಡ್ರಮ್ಮಿನವನು ಚರ್ಮ ಬಿಗಿಮಾಡಿ ಬಡಿದು ನೋಡುವ ಸದ್ದು ಬಂತು. "ಆಟೋ ದುಡ್ಡು ನಾನೇ ಕೊಡ್ತೀನಿ, ಬೇಗ ಬಾ," ಎಂದ ಅಣ್ಣ.

"ಹಾಗಾದ್ರೆ ಆ ಫೋಟೋನೇ ತಂದು ಸ್ಟೇಜಿನ ಮೇಲೆ ನಿಲ್ಲಿಸ್ಕೋ," ಎಂದಳು. "ಅದಕ್ಕೆ ವ್ಯಾನಲ್ಲಿ ಜಾಗವೂ ಬೇಡ, ಊಟವೂ ಬೇಡ."

ಬಸ್ಸು ಬಂತು. ಕಂಡಕ್ಟರು ಬಾಗಿಲಲ್ಲೇ ತಡೆದ. "ಏನಮ್ಮಾ ಅದು, ಫ್ರಿಜ್ಜಾ?"

"ಅಲ್ಲ. ಇದಕ್ಕೆ ಬೇಕಾದ್ರೆ ಇನ್ನೊಂದು ಟಿಕೆಟ್ ಹರೀರಿ. ಒಂದು ಕೈ ಹಿಡೀರಿ ಮೊದಲು."

ಬೈದುಕೊಂಡೇ ಹಿಡಿದ. ಸೀಟುಗಳ ನಡುವಿನ ದಾರಿಯಲ್ಲಿ ಪೆಟ್ಟಿಗೆ ಕೂತಿತು. ಆಚೀಚೆಯವರು ಲೊಚಗುಟ್ಟುತ್ತ ಕಾಲು ಎಳೆದುಕೊಂಡರು. ಬಸ್ಸು ಹೊರಟು ಮೊದಲ ಗುಂಡಿಗೆ ಇಳಿದಾಗ ಪೆಟ್ಟಿಗೆಯೊಳಗೆ ಎಲ್ಲೋ, ದನಿಗೆ ಮಾರ್ದನಿ ಸೇರಿಸುವ ಸ್ಪ್ರಿಂಗೊಂದು ಝಣ್ಣೆಂದಿತು. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. ಎರಡನೆಯ ಗುಂಡಿಗೆ ಮತ್ತೆ ಝಣ್ಣೆಂದಿತು; ಇನ್ನಿಬ್ಬರು ತಿರುಗಿದರು. ಅವಳು ಗಿಟಾರನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡು, ಸದ್ದು ತಡೆಯಲು ಪೆಟ್ಟಿಗೆಯ ಮೇಲೆ ಕೈಯಿಡದೆ, ಮುಂದಿನ ಗುಂಡಿಗಾಗಿ ರಸ್ತೆ ನೋಡುತ್ತ ಕೂತಳು.