ಚೀನೀ ಕ್ಲಾಸಿನ ಒಬ್ಬಳೇ ಹುಡುಗಿ

ವಿಶ್ವವಿದ್ಯಾಲಯದ ಮೂರನೇ ಮಹಡಿಯಲ್ಲಿ, ಜೆರಾಕ್ಸ್ ಯಂತ್ರದ ಪಕ್ಕದ ಕೋಣೆಯಲ್ಲಿ, ಮೇಡಂ ಚೀನೀ ಭಾಷೆ ಕಲಿಸುತ್ತಿದ್ದರು. ಚೀನಾ ಕಂಡವರಲ್ಲ, ಕಾಣುವ ಆಸೆ ಮಾತ್ರ ಬೆಟ್ಟದಷ್ಟು. ಬಾಗಿಲು ಹಾಕಿದರೆ ಒಳಗೆ ಚೀನೀ ಬಿಟ್ಟು ಬೇರೆ ಮಾತಾಡಕೂಡದು ಎಂಬುದು ಅವರ ಕಟ್ಟಪ್ಪಣೆ. ಸೀನಿದರೂ ಚೀನೀಯಲ್ಲೇ ಕ್ಷಮೆ ಕೇಳಬೇಕು! ಈ ಕಾಟ ತಡೆಯಲಾರದೆ ಹುಡುಗರೆಲ್ಲ ಒಬ್ಬೊಬ್ಬರಾಗಿ ಕಾಲ್ಕಿತ್ತರು. ಉಳಿದವಳು ವಾಚಾಳಿ ಹುಡುಗಿಯೊಬ್ಬಳೇ, ಅವಳದೂ ಇನ್ನೊಂದೇ ವರ್ಷದ ಓದು. ಅವಳು ಹೋದರೆ ಕ್ಲಾಸಿಗೆ ಬೀಗ, ಮೇಡಂಗೆ ಪರೀಕ್ಷಾ ವಿಭಾಗದ ಕುರ್ಚಿ.

ಕುರ್ಚಿ ಯಾವುದಾದರೇನು? ಆ ಭಾಷೆಯಲ್ಲಿ ಹರಟುವುದಕ್ಕೆ ಒಂದು ಜೀವ ಬೇಡವೇ? ಮನೆಯಲ್ಲಿ ಗಂಡನಿಗೆ ಬರುತ್ತಿದ್ದುದು ಚೀನೀಯ ಒಂದೇ ಮಾತು, ನಮಸ್ಕಾರ. ಊಟಕ್ಕೆ ಕರೆದರೂ ಅದೇ, ಬೈದರೂ ಅದೇ. ಹುಡುಗಿಯ ಜೊತೆ ವಾದಕ್ಕಿಳಿದಾಗ ಮಾತ್ರ ಮೇಡಂಗೆ ತಾವು ಆ ದೇಶದ ಯಾವುದೋ ಬೀದಿಯಲ್ಲಿ ನಿಂತ ಹಾಗೆ ಅನಿಸುತ್ತಿತ್ತು.

ಒಂದು ಮಧ್ಯಾಹ್ನ ಪಾಠದ ನಡುವೆಯೇ ನೇಯ್ಗೆ ಯಂತ್ರದ ಕಂಪನಿಯಿಂದ ಫೋನು ಬಂತು. ಅವರಿಗೆ ದುಭಾಷಿ ಬೇಕಂತೆ, ಕೆಲಸ ಚೀನಾದಲ್ಲೇ ಅಂತೆ.

"ನಿಮ್ಮ ಹುಡುಗಿ ತಯಾರಾಗಿದ್ದಾಳಾ ಮೇಡಂ? ಇಲ್ಲಾಂದ್ರೆ ಮುಂದಿನ ವರ್ಷ ನೋಡೋಣ," ಎಂದರು ಕಂಪನಿಯವರು.

ಮುಂದಿನ ವರ್ಷ! ಇನ್ನೂ ಒಂದು ವರ್ಷ! 'ಸ್ವಲ್ಪ ಕಾಯಿರಿ' ಎಂಬ ಮಾತು ಮೇಡಂ ನಾಲಿಗೆಯ ತುದಿಗೇ ಬಂತು. ಎದುರಿಗೆ ಹುಡುಗಿ ಉಸಿರು ಬಿಗಿಹಿಡಿದು ಕೂತಿದ್ದಳು.

"ತಯಾರಾಗಿದ್ದಾಳೆ. ನನಗಿಂತ ಚೆನ್ನಾಗಿ ಮಾತಾಡ್ತಾಳೆ," ಅಂದುಬಿಟ್ಟರು.

ಮೇಡಂ ಫೋನು ಇಡುತ್ತಿದ್ದ ಹಾಗೇ ಹುಡುಗಿ, ಬಾಗಿಲು ಹಾಕಿರುವುದನ್ನೂ ಮರೆತು, ಮನೆಮಾತಿನಲ್ಲೇ ಕೇಳಿದಳು: "ಮೇಡಂ, ಕ್ಲಾಸು?"

"ಕ್ಲಾಸಿನ ಚಿಂತೆ ನಿನಗ್ಯಾಕಮ್ಮ? ಗಂಟುಮೂಟೆ ಕಟ್ಟು, ಹೋಗು."

ಹುಡುಗಿ ಹೋದಳು. ಕ್ಲಾಸಿಗೆ ಬೀಗ ಬಿತ್ತು. ಪರೀಕ್ಷಾ ವಿಭಾಗದಲ್ಲಿ ಉತ್ತರಪತ್ರಿಕೆಗಳ ಕಟ್ಟುಗಳ ನಡುವೆ ಮೇಡಂ ಯಾರಿಗೂ ಕೇಳಿಸದ ಹಾಗೆ ಚೀನೀಯಲ್ಲಿ ತಮ್ಮಷ್ಟಕ್ಕೆ ಗೊಣಗಿಕೊಳ್ಳತೊಡಗಿದರು. ಉತ್ತರ ಕೊಡುವವರಿಲ್ಲ.

ಕೆಲವು ತಿಂಗಳಾದ ಮೇಲೆ ಹುಡುಗಿ ಫೋನು ಮಾಡಿದಳು. ಅಬ್ಬಾ, ಅದೇನು ಮಾತು! ಪಟಪಟನೆ, ಅಲ್ಲಿಯವರ ಹಾಗೇ ಅರ್ಧ ನುಂಗಿ ಅರ್ಧ ಉಗುಳಿ. ಹಿಂದಿನಿಂದ ಬೀದಿಯ ಗದ್ದಲ, ಯಾರೋ ಹೆಂಗಸಿನ ನಗು. ಮೇಡಂಗೆ ತಲೆಬುಡ ತಿಳಿಯಲಿಲ್ಲ. ಹೆಮ್ಮೆಗೋ ಹೊಟ್ಟೆಕಿಚ್ಚಿಗೋ, ಕಣ್ಣು ತುಂಬಿ ಬಂತು.

"ಅರ್ಥ ಆಗ್ತಿಲ್ವಾ ಮೇಡಂ? ನಮ್ಮ ಮಾತಲ್ಲೇ ಹೇಳ್ಲಾ?"

"ಬೇಡ, ಬೇಡ! ಅದು ಇಲ್ಲಿ ಬೇಕಾದಷ್ಟು ಸಿಗುತ್ತೆ. ನೀನು ಹಾಗೇ ಮಾತಾಡ್ತಾ ಇರು. ಅರ್ಥ ಆಗದಿದ್ರೆ ಕತ್ತೆಬಾಲ, ಫೋನ್ ಮಾತ್ರ ಇಡಬೇಡ ಕಣೇ."