ಜ್ವಾಲಾಮಾಲಿನಿಯ ಮೂರು ದಿನದ ಉಪವಾಸ

ಮೂವತ್ತೆರಡನೇ ಇಸವಿಯ ಮಾತು. ಹುಂಚದಲ್ಲಿ ಆ ವಾರ ಜಿನಮ್ಮನನ್ನು ಹಿಡಿಯುವವರಿರಲಿಲ್ಲ. ಹದಿನಾಲ್ಕರ ಮಗಳು ಜ್ವಾಲಾಮಾಲಿನಿ, ಯಾರೂ ಹೇಳದಿದ್ದರೂ ಉಪವಾಸ ಹಿಡಿದು ಮೂರು ದಿನವಾಗಿತ್ತು. ದಿನಕ್ಕೊಮ್ಮೆ ಕಾಯಿಸಿದ ನೀರು, ಅಷ್ಟೇ. ಬಸದಿಗೆ ಬಂದ ಹುಡುಗಿಯನ್ನು ಹೆಂಗಸರು ಬಾಯ್ತುಂಬ ಹೊಗಳಿದ್ದೇ ಹೊಗಳಿದ್ದು. ನಾಳೆ ಪಾರಣೆ, ಉಪವಾಸ ಬಿಡಿಸುವುದಕ್ಕೆ ಎಲ್ಲರೂ ಬನ್ನಿ ಎಂದು ಜಿನಮ್ಮ ಮನೆಮನೆಗೆ ಹೇಳಿ ಬಂದಿದ್ದಳು.

ಭತ್ತ ಕುಟ್ಟಲು ಬರುವ ಕನ್ನಮ್ಮನಿಗೆ ಮಾತ್ರ ಹುಡುಗಿಯ ಮುಖ ಸರಿಕಾಣಲಿಲ್ಲ. ಬಚ್ಚಲ ಹಿಂದೆ ಕದ್ದುಮುಚ್ಚಿ ಬಟ್ಟೆ ಒಗೆಯುತ್ತಿದ್ದವಳ ಪಕ್ಕ ಕೂತು ವಿಚಾರಿಸಿದಳು. ಹುಡುಗಿ ಅತ್ತುಬಿಟ್ಟಳು. ಜೈನರ ನೇಮ ಮೀರಿ ಹಳ್ಳದ ನೀರನ್ನು ಸೋಸದೆ ಕುಡಿದಿದ್ದಳಂತೆ. ಅದರಲ್ಲಿದ್ದ ಜೀವಗಳು ಹೊಟ್ಟೆಯೊಳಗೆ ಸತ್ತು, ಅವುಗಳ ರಕ್ತ ಈಗ ಹೊರಗೆ ಬರುತ್ತಿದೆಯಂತೆ. ಅದು ನಿಲ್ಲುವತನಕ ತುತ್ತು ಮುಟ್ಟುವುದಿಲ್ಲವಂತೆ.

ಕನ್ನಮ್ಮ ನೆಟ್ಟಗೆ ಅಡುಗೆಮನೆ ಬಾಗಿಲಿಗೆ ಬಂದು ಜಿನಮ್ಮನಿಗೆ ಎಲ್ಲವನ್ನೂ ಹೇಳಿದಳು.

"ನನ್ನ ಮಗ್ಳು ಪುಷ್ಪ ದೊಡ್ಡೋಳಾದಾಗ ಸೋದರಮಾವ ಹಸಿರು ಚಪ್ರ ಹಾಕ್ದ. ಆರತಿ ಮಾಡಿ ಹಾಡು ಹೇಳಿದ್ರು. ನಮ್ಮತ್ತೆ ಪಕ್ದಲ್ಲಿ ಕೂರಿಸ್ಕೊಂಡು ಮೈ ಸಂಗ್ತಿ ಎಲ್ಲ ತಿಳಿಸಿದ್ರು. ನಿಮ್ಮಲ್ಲಿ ಏನೂ ಹೇಳಲ್ವಾ ಅಮ್ಮೋರೇ?"

ಎಲ್ಲಿಂದ ಹೇಳುತ್ತಾರೆ! ಹೆಂಗಸರು ತಿಂಗಳಿಗೆ ಮೂರು ದಿನ ಹೊರಗೆ ಕೂತರೆ, ಮಕ್ಕಳಿಗೆ ಕಾಗೆ ಮುಟ್ಟಿದೆ ಎನ್ನುತ್ತಿದ್ದರು. ಮಕ್ಕಳು ಕಾಗೆಯನ್ನೇ ನಂಬಿದ್ದರು. ಜಿನಮ್ಮನಿಗಾದರೂ ಯಾರು ಹೇಳಿದ್ದರು? ತೀರ್ಥಹಳ್ಳಿಯ ತವರಿನಲ್ಲಿ, ಎಲ್ಲಿ ಗಾಯವಾಯಿತೋ ಎಂದು ಹೆದರಿ ಎರಡು ದಿನ ಅಟ್ಟದಲ್ಲಿ ಅಡಗಿದ್ದಳು. ಈಗ ಅವಳಿಗೆ ತನ್ನ ಮೇಲೆಯೇ ಕೆಂಡದಂಥ ಸಿಟ್ಟು ಬಂತು.

ಮೈಲಿಗೆ ಗೀಲಿಗೆ ಎನ್ನದೆ ಹೋಗಿ ಮಗಳನ್ನು ತಬ್ಬಿಕೊಂಡಳು.

"ಯಾವ ಜೀವಾನೂ ಸತ್ತಿಲ್ಲ ಮಗಾ. ಮುಂದೆ ಒಂದು ಜೀವ ಹೊರೋ ಶಕ್ತಿ ನಿನ್ನ ಮೈಗೆ ಬರ್ತಾ ಇದೆ."

ಬಟ್ಟೆ ಹೇಗೆ ಮಡಿಸಬೇಕು, ಯಾಕೆ ಬಿಸಿಲಲ್ಲೇ ಒಣಗಿಸಬೇಕು, ಮಗು ಎಲ್ಲಿ ಬೆಳೆಯುತ್ತದೆ, ಒಂದನ್ನೂ ಬಿಡದೆ ಹೇಳಿದಳು. ಆಮೇಲೆ ಗಂಜಿ ಕುಡಿಸಿದಳು.

ಮರುದಿನ ಹೆಂಗಸರು ಬಂದರು. ಸುಮ್ಮನಿದ್ದರೆ ಮಗಳ ಹೆಸರು ಊರಲ್ಲಿ ಹಾಗೇ ಮೆರೆಯುತ್ತಿತ್ತು. ಜಿನಮ್ಮ ಸುಮ್ಮನಿರಲಿಲ್ಲ. ಇದು ವ್ರತವಲ್ಲ, ಮಗಳು ಮೈನೆರೆದಿದ್ದಾಳೆ, ಪಾಪವೆಂದು ಹೆದರಿ ಹಸಿದಿದ್ದಳು ಎಂದುಬಿಟ್ಟಳು.

"ಹಂಗಿದ್ದೋಳು ಬಸದಿಗೆ ಬಂದಿದ್ಲಲ್ಲೇ?" ಎಂದರು ಹಿರಿಯರಾದ ಜಲಜಮ್ಮ.

"ಬಂದಿದ್ಲು. ತಪ್ಪು ನಂದು. ನಾನು ಹೇಳಿರ್ಲಿಲ್ಲ."

ಒಬ್ಬೊಬ್ಬರೇ ಸೆರಗು ಕೊಡವಿ ಎದ್ದು ಹೋದರು. ಪಕ್ಕದ ಮನೆಯ ಯಶೋಧಾ ಮಾತ್ರ ಹೋಗಲಿಲ್ಲ. ಹನ್ನೆರಡರ ಮಗಳನ್ನು ಮುಂದಕ್ಕೆ ತಳ್ಳಿ, ಇವಳಿಗೂ ಹೇಳು, ನನಗೆ ಬಾಯಿ ಬರುವುದಿಲ್ಲ ಎಂದಳು.

ಜಿನಮ್ಮ ಬಾಯಿ ತೆರೆಯುವ ಮೊದಲೇ, ಜಗಲಿಯ ಮೂಲೆಯಲ್ಲಿ ಕೂತಿದ್ದ ಜ್ವಾಲಾಮಾಲಿನಿ ಆ ಹುಡುಗಿಯನ್ನು ಹತ್ತಿರ ಕರೆದು ಹೇಳತೊಡಗಿದಳು. ತಲೆ ತಗ್ಗಿಸಲಿಲ್ಲ, ದನಿಯನ್ನೂ ತಗ್ಗಿಸಲಿಲ್ಲ. ಮಗಳನ್ನು ಹೆತ್ತದ್ದಕ್ಕೆ ಜಿನಮ್ಮನಿಗೆ ಅಷ್ಟು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ.