ಭಾವ ಹಾಕಿದ ಕಾರ್ಡು

ನನ್ನ ಕಂಪ್ಯೂಟರ್ ಚೆನ್ನಾಗಿಯೇ ಇತ್ತು. ನಿಧಾನವಾಗಿತ್ತು, ನಿಜ. ದೊಡ್ಡ ಫೋಟೋ ತೆರೆ ಎಂದರೆ ಕುರ್ಚಿಯಿಂದ ಏಳುವ ಮುದುಕರ ಹಾಗೆ ಎರಡು ಸಲ ಯೋಚಿಸಿ ಆಮೇಲೆ ತೆರೆಯುತ್ತಿತ್ತು. ಆದರೆ ತೆರೆಯುತ್ತಿತ್ತಲ್ಲ! ಅದನ್ನು ಚುರುಕು ಮಾಡುತ್ತೇನೆಂದು ಭಾವ ಹೊರಟದ್ದು ಇರಲಾರದೆ ಇರುವೆ ಬಿಟ್ಟುಕೊಂಡ ಕಥೆ. ಇರುವೆ ಬಿಟ್ಟವರು ಅವರು, ಕಚ್ಚಿಸಿಕೊಂಡವಳು ನಾನು.

ಭಾವ ಎಂದರೆ ನನ್ನ ಗಂಡನ ಅಣ್ಣ. ದೊಡ್ಡ ಕಚೇರಿಯೊಂದರಲ್ಲಿ ಕಂಪ್ಯೂಟರ್ ವಿಭಾಗದ ಮೇಲಧಿಕಾರಿ. ಅಲ್ಲಿ ಯಂತ್ರ ಕೆಟ್ಟರೆ ಬಿಚ್ಚುವವರು ಬೇರೆ, ಇವರು ಬಿಚ್ಚಿಸುವವರು. ನೆಂಟರ ಮನೆಗಳಲ್ಲಿ ಮಾತ್ರ ತಾವೇ ಬಿಚ್ಚುತ್ತಾರೆ. ಯಾರ ಮನೆಯಲ್ಲಿ ಏನು ಕೆಟ್ಟರೂ ಮೊದಲು ಭಾವನಿಗೆ ಫೋನು ಹೋಗುತ್ತದೆ, ಅವರು ಬಂದು ಹೋದ ಮೇಲೆ ಕೆಟ್ಟ ಸಾಮಾನು ಗುಟ್ಟಾಗಿ ಅಂಗಡಿಗೆ ಹೋಗುತ್ತದೆ. ಇದು ಭಾವನೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತು. ಹಿಂದೊಮ್ಮೆ ಅವರು ಫ್ಯಾನಿನ ರೆಕ್ಕೆಯನ್ನು ತಲೆಕೆಳಗಾಗಿ ಕೂರಿಸುತ್ತಿದ್ದಾಗ ನನ್ನ ಗಂಡ ಬಾಯಿತಪ್ಪಿ ಅದು ತಿರುಗುಮುರುಗಾಗಿದೆ ಎಂದುಬಿಟ್ಟಿದ್ದ. ಅದಕ್ಕೆ ವರ್ಷವಿಡೀ ಅವರು ನಮ್ಮ ಹೊಸ್ತಿಲು ತುಳಿಯಲಿಲ್ಲ, ಅತ್ತೆಯ ಕಣ್ಣೀರು ನಿಲ್ಲಲಿಲ್ಲ. ಅಂದಿನಿಂದ ಭಾವ ಎತ್ತು ಈದಿದೆ ಎಂದರೆ ನಮ್ಮ ಮನೆಯವರು ಕರು ಕಟ್ಟಲು ಹಗ್ಗ ಹುಡುಕುತ್ತಾರೆ.

ನನ್ನ ಗಂಡನನ್ನು 'ಅವನು' ಎಂದು ಬರೆಯುವುದಕ್ಕೆ ಯಾರೂ ಹುಬ್ಬೇರಿಸಬೇಕಿಲ್ಲ. ಮಾತಿನಲ್ಲಿ ಬಹುವಚನವನ್ನೇ ಕೊಡುತ್ತೇನೆ. ಬರೆಯುವಾಗ ಏಕವಚನ ಸಾಕು.

ನಾನು ಫೋಟೋ ಆಲ್ಬಮ್ ವಿನ್ಯಾಸ ಮಾಡುವವಳು. ಮಲಗುವ ಕೋಣೆಯ ಕಿಟಕಿಯ ಬಳಿ ಮೇಜು, ಮೇಜಿನ ಕೆಳಗೆ ಆ ಕಪ್ಪು ಡಬ್ಬ. ಸ್ಟುಡಿಯೋದವರು ಮದುವೆಯ ಚಿತ್ರ ಕೊಡುತ್ತಾರೆ. ನಾನು ಮದುಮಗನ ಮೊಡವೆ ಅಳಿಸಿ, ಮುಚ್ಚಿದ ಕಣ್ಣು ತೆರೆಸಿ, ಮುಖ ಕಂಡರಾಗದ ನೆಂಟರನ್ನು ಬೇರೆ ಬೇರೆ ಪುಟಕ್ಕೆ ಸಾಗಿಸಿ ಪುಸ್ತಕ ಮಾಡುತ್ತೇನೆ. ಈ ಸಲದ್ದು ಪೇಟೆಯ ದೊಡ್ಡ ಸ್ಟುಡಿಯೋದ ಕೆಲಸ. ಅದರ ಒಡತಿ ಒಂದೇ ಮಾತಿನವಳು. ಭಾನುವಾರ ಬಾಗಿಲು ಹಾಕುವುದರೊಳಗೆ ಆಲ್ಬಮ್ ಕೈಗೆ ಬಂದು, ಅದು ಮನಸ್ಸಿಗೂ ಬಂದರೆ ತನ್ನಲ್ಲೇ ಕಾಯಂ ಕೆಲಸ ಕೊಡುತ್ತೇನೆ ಎಂದಿದ್ದಳು. ಇದ್ದದ್ದು ಒಂದೇ ಕೆಲಸ, ಇನ್ನೊಬ್ಬಳಿಗೂ ಹಾಗೇ ಒಂದು ಆಲ್ಬಮ್ ಕೊಟ್ಟಿದ್ದಳು.

ಆ ಕೆಲಸ ನನಗೆ ಬೇಕಾಗಿತ್ತು. ಮನೆಯಲ್ಲಿ ಕೂತು ಮಾಡುವುದನ್ನು ಯಾರೂ ಕೆಲಸ ಎನ್ನುವುದಿಲ್ಲ, 'ಕಂಪ್ಯೂಟರ್ ಮುಂದೆ ಕೂತಿದ್ದಾಳೆ' ಎನ್ನುತ್ತಾರೆ. ಕೂತವಳನ್ನು ಯಾರು ಬೇಕಾದರೂ ಏಳಿಸಬಹುದು, ಹಾಲುಕ್ಕುತ್ತಿದೆ ಎಂದು ಅತ್ತೆ, ಕಾಲುಚೀಲ ಸಿಗುತ್ತಿಲ್ಲ ಎಂದು ಗಂಡ. ಬೆಳಿಗ್ಗೆ ಚಪ್ಪಲಿ ಮೆಟ್ಟಿ ಹೊರಗೆ ಹೋಗಿ, ಯಾರೂ ಏಳಿಸದ ಒಂದು ಕುರ್ಚಿಯಲ್ಲಿ ಸಂಜೆಯವರೆಗೆ ಕೂರಬೇಕೆಂಬ ಆಸೆ ನನಗೆ ಹಸಿವಿನ ಹಾಗೆ ಹತ್ತಿಕೊಂಡಿತ್ತು.

ಭಾನುವಾರ ಬೆಳಿಗ್ಗೆ ಒಂದೇ ಒಂದು ಪುಟ ತಿದ್ದುವುದು ಬಾಕಿಯಿತ್ತು. ಆಗ ಭಾವ ಕೈಯಲ್ಲೊಂದು ಪೆಟ್ಟಿಗೆ ಹಿಡಿದು ಬಂದರು. ಒಳಗೆ ಚಿತ್ರಗಳು ಬೇಗ ತೆರೆಯಲೆಂದು ಯಂತ್ರಕ್ಕೆ ಹಾಕುವ ಗ್ರಾಫಿಕ್ಸ್ ಕಾರ್ಡು. ನನ್ನ ಯಂತ್ರ ನಿಧಾನವೆಂದು ತಮ್ಮ ಯಾವಾಗಲೋ ಅಂದಿದ್ದನಂತೆ, ಅದನ್ನು ನೆನಪಿಟ್ಟುಕೊಂಡು ತಂದಿದ್ದರು. ಅವರ ಪ್ರೀತಿಯಲ್ಲಿ ಸುಳ್ಳಿಲ್ಲ, ಅದೇ ದೊಡ್ಡ ಕಷ್ಟ. ಇವತ್ತು ಬೇಡ, ಸಂಜೆ ಕೆಲಸ ಕೊಟ್ಟುಬರುತ್ತೇನೆ, ನಾಳೆ ಹಾಕಿ ಎಂದು ಬೇಡಿಕೊಂಡೆ. ಅಣ್ಣ ಅಷ್ಟು ದೂರದಿಂದ ಬಂದಿದ್ದಾನೆ, ಹತ್ತು ನಿಮಿಷದ ಕೆಲಸ ಎಂದು ನನ್ನ ಗಂಡ ತಾನೇ ಬಗ್ಗಿ ತಂತಿ ಕಿತ್ತ.

ಕಾರ್ಡು ಕೂತಿತು. ತಂತಿಗಳೆಲ್ಲ ಮರಳಿ ಸೇರಿದವು. ಗುಂಡಿ ಒತ್ತಿದಾಗ ಒಳಗಿನ ಫ್ಯಾನುಗಳು ಭರ್ರೆಂದು ತಿರುಗಿದವು, ದೀಪ ಹತ್ತಿತು. ಪರದೆ ಮಾತ್ರ ಕಪ್ಪಗೇ ಉಳಿಯಿತು.

ಆಮೇಲೆ ಶುರುವಾಯಿತು ಚಿಕಿತ್ಸೆ. ಭಾವ ಮೆಮೊರಿಯ ಪಟ್ಟಿಗಳನ್ನು ಕಿತ್ತು, ರಬ್ಬರಿನಿಂದ ಉಜ್ಜಿ, ಊದಿ, ಮತ್ತೆ ಸಿಕ್ಕಿಸಿದರು. ಗುಂಡಿಯಂಥ ಬ್ಯಾಟರಿ ತೆಗೆದು, ಅದಕ್ಕೆ ಸ್ವಲ್ಪ ವಿಶ್ರಾಂತಿ ಬೇಕೆಂದು ಕಿಟಕಿಯ ಮೇಲಿಟ್ಟು, ಮರಳಿ ಹಾಕಿದರು. ನಾನು ಟಾರ್ಚು ಹಿಡಿದು ನಿಂತಿದ್ದೆ. ಪರದೆ ಬೆಳಗದಿದ್ದಾಗ ದೋಷ ಬೇರೆ ಕಡೆ ಹೊರಟಿತು: ಡಬ್ಬದ ಒಳಗಿನ ಧೂಳು, ಗೋಡೆಯ ಪ್ಲಗ್ಗು, ನಾನು ದಿನಾ ಸ್ವಿಚ್ಚು ಆರಿಸುವ ರೀತಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲ ನಾನೇ.

ಟಾರ್ಚಿನ ಬೆಳಕಲ್ಲಿ ನನಗೆ ಆಗಲೇ ಕಂಡಿತ್ತು. ಹೊಸ ಕಾರ್ಡಿಗೆ ತನ್ನದೇ ಒಂದು ಕಿಂಡಿ ಇತ್ತು. ಕಾರ್ಡು ಹಾಕಿದ ಮೇಲೆ ಚಿತ್ರ ಹೊರಬರುವುದು ಅಲ್ಲಿಂದ. ಪರದೆಯ ಕೇಬಲ್ಲನ್ನು ಭಾವ ಮೊದಲಿದ್ದ ಹಳೆಯ ಕಿಂಡಿಗೇ ಚುಚ್ಚಿದ್ದರು. ಅವರನ್ನು ನೋಯಿಸದ ಹಾಗೆ ಹೇಳಲು ಮನಸ್ಸಿನಲ್ಲೇ ಮಾತನ್ನು ತಿರುಗಿಸಿ ಮುರುಗಿಸಿ, ಕೊನೆಗೆ ಮೆಲ್ಲಗೆ ಅಂದೆ:

"ಭಾವ, ಕೇಬಲ್ಲು ಇನ್ನೂ ಹಿಂದಿನದಕ್ಕೇ ಇದೆ."

"ಹಿಂದೆ ಇರದೆ ಮತ್ತೆ ಮುಂದೆ ಇರುತ್ತೇನಮ್ಮ?" ಎಂದರು ಭಾವ.

ನನ್ನ ಗಂಡ ನಕ್ಕ. ಬಾಗಿಲಲ್ಲಿದ್ದ ಅತ್ತೆ ಏನೂ ತಿಳಿಯದೆ ನಕ್ಕರು. ನಾನು ಹೇಳಿದ ಹಿಂದಿನದು ಹಳೆಯದು, ಅವರಿಗೆ ಕೇಳಿಸಿದ ಹಿಂದಿನದು ಬೆನ್ನ ಕಡೆಯದು. ಬಿಡಿಸಿ ಹೇಳಲು ಬಾಯಿ ತೆರೆದೆ. ಟಾರ್ಚು ಸರಿಯಾಗಿ ಹಿಡಿ ಎಂದು ಗಂಡ ಗದರಿದ. ಎಲ್ಲರೂ ನಕ್ಕಾದ ಮೇಲೆ ಅದೇ ಮಾತನ್ನು ಮತ್ತೆ ಹೇಳುವುದು ಎಷ್ಟು ಕಷ್ಟವೆಂದು, ಹಾಗೆ ನಗೆಗೀಡಾದವರಿಗೇ ಗೊತ್ತು.

ಅತ್ತೆ ಊಟಕ್ಕೆ ಕರೆದರು. ಯಂತ್ರ ಸ್ವಲ್ಪ ಹೊತ್ತು ಬಿಸಿಯಾಗಲಿ ಎಂದು, ಅದೇನು ಬಿಸಿನೀರಿನ ಹಂಡೆಯೋ ಎಂಬಂತೆ, ಆರಿಸದೆ ಬಿಟ್ಟು ಭಾವ ಕೈ ತೊಳೆಯಲು ಹೋದರು. ನಾನು ಬಡಿಸಿ ಬಂದು ಬಾಗಿಲು ಮುಂದೆ ಮಾಡಿ, ಕೇಬಲ್ಲನ್ನು ಹೊಸ ಕಿಂಡಿಗೆ ಸಿಕ್ಕಿಸಿದೆ. ಪರದೆ ಬೆಳಗಿತು. ಬ್ಯಾಟರಿ ತೆಗೆದದ್ದರಿಂದ ದಿನಾಂಕ ತಪ್ಪಿದೆ ಎಂದು ಒಂದು ಸಾಲು ಗೊಣಗಿ, ಕೀಲಿಮಣೆಯ ಗುಂಡಿ ಒತ್ತಿದ ಮೇಲೆ ಎಂದಿನಂತೆ ತೆರೆದುಕೊಂಡಿತು. ಪಾಪ, ಯಂತ್ರಕ್ಕೆ ಏನೂ ಆಗಿರಲಿಲ್ಲ.

ಕೂತು ಆ ಕೊನೆಯ ಪುಟ ತಿದ್ದಿದೆ. ಉಳಿಸು ಎಂದು ಒತ್ತಿದೆ. ಅಷ್ಟೂ ಪುಟಗಳಿದ್ದ ಆ ಕಡತ ದೊಡ್ಡದು, ಹಳೆಯದನ್ನು ಅಳಿಸಿ ಅದರ ಮೇಲೇ ಬರೆದು ಪೂರ್ತಿ ಉಳಿಯಲು ಸಾಕಷ್ಟು ಹೊತ್ತು ಬೇಕು. ಅಷ್ಟರಲ್ಲಿ ನನ್ನ ಗಂಡ ಒಳಗೆ ಬಂದು ಬೆಳಗಿದ ಪರದೆ ನೋಡಿದ. ಖುಷಿಪಡುತ್ತಾನೆ ಎಂದುಕೊಂಡೆ. ಅವನ ಮುಖ ಬಿಳಿಚಿತು.

"ಅಣ್ಣ ನೋಡಿದ್ರೆ ಏನಂದ್ಕೋತಾನೆ? ಬೆಳಿಗ್ಗೆಯಿಂದ ಒದ್ದಾಡಿದಾನೆ. ಮೊದಲಿನ ಹಾಗೇ ಹಾಕಿಬಿಡು. ಅವನೇ ಕಂಡುಹಿಡೀಲಿ."

ಕೆಲಸ ಉಳಿಯುತ್ತಿದೆ, ಈಗ ಮುಟ್ಟಬೇಡಿ ಎಂದೆ. ಅವನು ಆಗಲೇ ಬಗ್ಗಿ ಕೇಬಲ್ಲು ಎಳೆದು ಹಳೆಯ ಕಿಂಡಿಗೆ ಚುಚ್ಚಿದ್ದ. ಪರದೆ ಕಪ್ಪಾಯಿತು. ಆದರೆ ಯಂತ್ರ ನಿಂತಿರಲಿಲ್ಲ, ಡಬ್ಬದ ಮುಂದಿನ ಸಣ್ಣ ಕೆಂಪು ದೀಪ ಪಟಪಟ ಮಿನುಗುತ್ತಿತ್ತು. ಒಳಗೆ ನನ್ನ ಆಲ್ಬಮ್ ಬರೆಯಲ್ಪಡುತ್ತಿತ್ತು. ಆ ದೀಪವನ್ನು ಅವನಿಗೆ ತೋರಿಸಿದೆ. ಅದು ಶಾಂತವಾಗುವವರೆಗೆ ಗುಂಡಿ ಮುಟ್ಟಿದರೆ ಎಲ್ಲ ಹಾಳು ಎಂದು ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದೆ. ಅಲ್ಲಿಯವರೆಗೆ ಅಣ್ಣನನ್ನು ಹೇಗಾದರೂ ಊಟದ ಮನೆಯಲ್ಲೇ ಕೂರಿಸಿ, ಆಮೇಲೆ ಅವರು ಬೇಕಾದ್ದು ಕಂಡುಹಿಡಿಯಲಿ ಎಂದೆ.

"ಆಯ್ತು, ನಾನು ನೋಡ್ಕೋತೀನಿ," ಎಂದು ನನ್ನ ಗಂಡ ಭರವಸೆ ಕೊಟ್ಟು ಹೋದ.

ಹೋದ ಪುಟ್ಟ ಬಂದ ಪುಟ್ಟ. ಕೆಂಪು ದೀಪ ಇನ್ನೂ ಮಿನುಗುತ್ತಿರುವಾಗಲೇ ಭಾವ ಬಾಯಿ ಒರೆಸಿಕೊಳ್ಳುತ್ತ ಒಳಗೆ ಬಂದರು. ಅವರ ಹಿಂದೆ ನನ್ನ ಗಂಡ, ಟವೆಲ್ಲು ಹಿಡಿದುಕೊಂಡು. ಪೂರ್ತಿ ಆರಿಸಿ ಮೊದಲಿಂದ ನೋಡಬೇಕು ಎನ್ನುತ್ತ ಭಾವ ಡಬ್ಬದ ಮುಂದೆ ಕುಕ್ಕರಿಸಿದರು. ನನಗೆ ಆಗ ಮಾನ ಮರ್ಯಾದೆ ಯಾವುದೂ ನೆನಪಾಗಲಿಲ್ಲ.

"ಆರಿಸಬೇಡಿ ಭಾವ. ಅದು ಸರಿಯಾಗೇ ಇದೆ. ಕೇಬಲ್ಲು ಹೊಸ ಕಾರ್ಡಿಗೆ ಹಾಕಿದ್ರೆ ಪರದೆ ಬರುತ್ತೆ. ಈಗ ತಾನೇ ಹಾಕಿದ್ದೆ, ಬಂದಿತ್ತು. ನನ್ನ ಕೆಲಸ ಒಳಗೆ ಉಳೀತಾ ಇದೆ. ಬೇಕಾದ್ರೆ ಇವರನ್ನ ಕೇಳಿ, ಇವರೂ ನೋಡಿದಾರೆ."

ಭಾವನ ಹೆಬ್ಬೆರಳು ಗುಂಡಿಯ ಮೇಲೇ ನಿಂತಿತು. ಅವರು ಹೆಂಗಸರ ಮಾತಿಗೆ ಕಿವಿಗೊಡದಷ್ಟು ಕಲ್ಲೇನಲ್ಲ. ತಿರುಗಿ ತಮ್ಮನನ್ನು ಕೇಳಿದರು, ಹೌದೇನೋ ಎಂದು.

ನನ್ನ ಗಂಡ ನನ್ನನ್ನು ನೋಡಿದ. ಅಣ್ಣನನ್ನು ನೋಡಿದ. ಕೈಯಲ್ಲಿದ್ದ ಟವೆಲ್ಲನ್ನು ಮಡಿಸಿದ.

"ಇಲ್ಲಣ್ಣ," ಎಂದ. "ನಾನು ಬಂದಾಗಲೂ ಕಪ್ಪಗೇ ಇತ್ತು."

ಭಾವ ನನ್ನ ಕಡೆ ಕರುಣೆಯಿಂದ ನೋಡಿದರು. ಗುಂಡಿಯನ್ನು ಒತ್ತಿ ಹಿಡಿದರು. ಅವರ ಕೈ ಹಿಡಿದು ಎಳೆಯಬೇಕಿತ್ತು. ಭಾವನ ಕೈ ಮುಟ್ಟಿ ಗೊತ್ತಿಲ್ಲದ ನಾನು ಸೆರಗು ಹಿಡಿದುಕೊಂಡು ನಿಂತೆ. ಫ್ಯಾನುಗಳು ನಿಂತವು, ದೀಪ ಆರಿತು.

ಆಮೇಲೆ ಅವರು ಹಿಂದಕ್ಕೆ ಬಗ್ಗಿ ಬಹಳ ಹೊತ್ತು ನೋಡಿದರು. ಕೇಬಲ್ಲನ್ನು ಹೊಸ ಕಿಂಡಿಗೆ ಬದಲಿಸಿ ಮತ್ತೆ ಗುಂಡಿ ಒತ್ತಿದರು. ಪರದೆ ಬೆಳಗಿತು. ಪೂರ್ತಿ ಆರಿಸಿ ಹಾಕಬೇಕಿತ್ತು, ಅಷ್ಟೇ ಇದ್ದದ್ದು ಎಂದು ಎದ್ದು ನಿಂತರು. ದೊಡ್ಡವನ ಕೈ ತಾಗಿದರೆ ಸಾಕು ಎಂದು ಅತ್ತೆ ಹಿಗ್ಗಿದರು.

ನನ್ನ ಆಲ್ಬಮ್ ತೆರೆಯಲಿಲ್ಲ. ಕಡತ ಹಾಳಾಗಿದೆ ಎಂಬ ಒಂದು ಸಾಲು ಬಂತು. ಮತ್ತೆ ಮತ್ತೆ ತೆರೆದೆ, ಮತ್ತೆ ಮತ್ತೆ ಅದೇ ಸಾಲು. ಪೆನ್‌ಡ್ರೈವಿನಲ್ಲಿ ಇದ್ದದ್ದು ಇನ್ನೂ ಏನೂ ತಿದ್ದದ ಚಿತ್ರಗಳು. ಒಡತಿಗೆ ಫೋನು ಮಾಡಿದೆ. ಕಂಪ್ಯೂಟರ್ ಕೆಟ್ಟಿತ್ತು ಎಂದು ಎಲ್ಲರೂ ಹೇಳುವ ನೆಪವನ್ನೇ ಹೇಳಬೇಕಾಯಿತು, ನಾನು ಹೇಳಿದ್ದು ನಿಜವಾದರೂ ನನಗೇ ಅದು ಸುಳ್ಳಿನಂತೆ ಕೇಳಿಸಿತು. ಅವಳು ಬೈಯಲಿಲ್ಲ. ಇನ್ನೊಬ್ಬಳು ಮಧ್ಯಾಹ್ನವೇ ತಂದುಕೊಟ್ಟಳು, ಇನ್ನು ಅವಳಿಗೇ ನಾಳೆಯಿಂದ ಬಾ ಎನ್ನುತ್ತೇನೆ ಎಂದಳು.

ಭಾವ ಹೊರಟ ಮೇಲೆ ನನ್ನ ಗಂಡ ಕೋಣೆಗೆ ಬಂದು ಮಂಚದ ಅಂಚಿನಲ್ಲಿ ಕೂತ. ನಾನು ಅತ್ತಿರಲಿಲ್ಲ, ಅಳುವುದಕ್ಕೂ ಕೇಳುವವರಿದ್ದಾರೆಂಬ ಒಂದಿಷ್ಟು ನಂಬಿಕೆ ಬೇಕು. ಕೇಳಿಯೇಬಿಟ್ಟೆ.

"ಅವರು ಗೊತ್ತಿಲ್ಲದೆ ಒತ್ತಿದ್ರು. ನಿಮಗೆ ಗೊತ್ತಿತ್ತಲ್ಲ?"

ಅವನು ನನ್ನ ಭುಜದ ಮೇಲೆ ಕೈಯಿಟ್ಟ.

"ಹೋಗ್ಲಿ ಬಿಡು. ನಿಧಾನವಾಗಿ ಇನ್ನೊಂದು ಮಾಡಿದ್ರಾಯ್ತು. ಹೇಗೂ ಮನೇಲೇ ಇರ್ತೀಯಲ್ಲ."

ಇದನ್ನು ಅವನು ನನ್ನ ಸಮಾಧಾನಕ್ಕೆಂದೇ ಹೇಳಿದ.